ಅತ್ತಿಗೆಗೊಂದು ಕ್ಯಾಮೆರಾ

ಆ ಮನೆಗೆ ಒಂದು ಇಸ್ತ್ರಿಪೆಟ್ಟಿಗೆ ತರುವುದಿದ್ದರೂ ಮೊದಲು ಪಂಡಿತನನ್ನು ಕೇಳಬೇಕು. ಪಂಡಿತ ಎಂಬುದು ತಮ್ಮನಿಗೆ ಅಣ್ಣ ಚೇಷ್ಟೆಗೆ ಇಟ್ಟ ಹೆಸರು. ಅವನು ನಿಜವಾಗಿ ಲಿಫ್ಟ್ ರಿಪೇರಿಯ ಮೆಕ್ಯಾನಿಕ್. ಆದರೆ ಮಿಕ್ಸಿ, ಫ್ರಿಜ್ಜು, ಮೊಬೈಲು, ಸೋರುವ ನಲ್ಲಿ, ಯಾವುದರ ಬಗ್ಗೆ ಕೇಳಿದರೂ ‘ನನಗೆ ಗೊತ್ತಿಲ್ಲ’ ಎಂದು ಆ ಪುಣ್ಯಾತ್ಮ ಹೇಳಿದ್ದನ್ನು ಕೇಳಿದವರಿಲ್ಲ. ಅಲ್ಪವಿದ್ಯಾ ಮಹಾಗರ್ವಿ ಎಂದು ಅಣ್ಣ ಬೈಯುತ್ತಿದ್ದ, ಬೈದಾದ ಮೇಲೆ ಅವನನ್ನೇ ಕೇಳುತ್ತಿದ್ದ. ಅಣ್ಣ ರೈಲು ಓಡಿಸುವವನು, ಮನೆಯಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಹಾಗಾಗಿ ಮನೆಯ ಸಣ್ಣಪುಟ್ಟ ತೀರ್ಮಾನಗಳೆಲ್ಲ ಅತ್ತಿಗೆ ಮೈದುನರ ನಡುವೆಯೇ ಮುಗಿದುಹೋಗುತ್ತಿದ್ದವು. ಅಣ್ಣನಿಗೆ ಪಂಡಿತ ಒಂದು ತಮಾಷೆ. ಅತ್ತಿಗೆ ಮಾತ್ರ ಅವನನ್ನು ನಿಜವಾಗಿಯೇ ನಂಬಿದ್ದಳು.

ಅತ್ತಿಗೆಯದು ರಫೂ ಕೆಲಸ. ಸಿಗರೇಟಿನ ಕಿಡಿ ಬಿದ್ದ ಕೋಟು, ನುಸಿ ತಿಂದ ಶಾಲು, ಮೊಳೆಗೆ ಸಿಕ್ಕಿ ಹರಿದ ರೇಷ್ಮೆ, ಎಲ್ಲ ಅವಳ ಹತ್ತಿರ ಬರುತ್ತಿದ್ದವು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ತೂತಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ಎಳೆಗೆ ಎಳೆ ಹಾಕಿ ನೇಯ್ದುಬಿಡುತ್ತಿದ್ದಳು. ಬಟ್ಟೆ ವಾಪಸು ಕೊಡುವಾಗ ಅವಳದೊಂದು ಪದ್ಧತಿ ಇತ್ತು: ಹರಿದದ್ದು ಎಲ್ಲಿತ್ತು ಅಂತ ಗಿರಾಕಿಯೇ ಹುಡುಕಬೇಕು, ಹುಡುಕಿ ಸಿಕ್ಕರೆ ಕೂಲಿ ಬೇಡ. ಕೂಲಿ ಕಳೆದುಕೊಂಡ ದಿನ ಒಂದೂ ಇರಲಿಲ್ಲ.

ಆದರೆ ಇದರಲ್ಲೊಂದು ಎಡವಟ್ಟಿತ್ತು. ಕಾಣದಂತೆ ಮಾಡುವುದೇ ಕೆಲಸವಾದರೆ, ಮಾಡಿದ್ದೇನು ಎಂದು ತೋರಿಸುವುದು ಹೇಗೆ? ಊರಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಟ್ಟೆಗಳ ವಿಭಾಗ ನೋಡಿಕೊಳ್ಳುವ ಮೇಡಂ ಒಬ್ಬರು ತಮ್ಮ ಕೋಟನ್ನು ಅತ್ತಿಗೆಯಿಂದ ಸರಿ ಮಾಡಿಸಿಕೊಂಡಿದ್ದರು. ನಮ್ಮಲ್ಲಿ ಹಳೇ ಕಾಲದ ನಿಲುವಂಗಿಗಳು, ಪರದೆಗಳು ರಾಶಿ ಬಿದ್ದಿವೆ, ಖಾಯಂ ಆಗಿ ಒಬ್ಬರು ಬೇಕು, ನೀವು ಬನ್ನಿ ಎಂದಿದ್ದರು. ಆದರೆ ಆಯ್ಕೆ ಮಾಡುವುದು ಸಮಿತಿ. ರಫೂ ಮಾಡುವ ಮುಂಚೆ ಹೇಗಿತ್ತು, ಆಮೇಲೆ ಹೇಗಾಯಿತು ಎಂದು ಎಳೆ ಎಣಿಸಲು ಬರುವಷ್ಟು ಹತ್ತಿರದ ಫೋಟೋಗಳನ್ನು ಅದಕ್ಕೆ ಕೊಡಬೇಕಿತ್ತು. ಮೊಬೈಲಿನಲ್ಲಿ ತೆಗೆದರೆ ಎಳೆಗಳೆಲ್ಲ ಕಲಸಿಹೋಗುತ್ತಿದ್ದವು. ಬಾಗಿಲಿಗೆ ಬರುವ ಕೋಟುಗಳನ್ನೇ ಕಾಯುತ್ತ ಇಷ್ಟು ವರ್ಷ ಕಳೆದ ಅತ್ತಿಗೆಗೆ ಆ ಹಳೆಯ ನಿಲುವಂಗಿಗಳನ್ನು ಒಮ್ಮೆ ಕೈಯಿಂದ ಮುಟ್ಟಬೇಕು ಎಂಬ ಆಸೆ ಎಷ್ಟಿತ್ತೆಂದರೆ, ಕೂಡಿಟ್ಟಿದ್ದ ಹಣವನ್ನೆಲ್ಲ ತೆಗೆದು ಒಂದು ಒಳ್ಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳಲು ಹೊರಟಳು. ಜೊತೆಗೆ ಪಂಡಿತ ಹೊರಟ. ಅವನಿಲ್ಲದೆ ಹೇಗೆ?

ಈಗ ಪಂಡಿತನ ಒಳಗುಟ್ಟು ಕೇಳಿ. ಲಿಫ್ಟಿನ ಮೋಟರು ಇರುವುದು ಕಟ್ಟಡದ ನೆತ್ತಿಯ ಮೇಲೆ. ಊರಿನ ಎತ್ತರದ ತಾರಸಿಗಳೆಲ್ಲ ಅವನಿಗೆ ಮನೆಯಂಗಳ. ಅಂಥದೊಂದು ತಾರಸಿಯ ಎದುರಿನ ನೀರಿನ ಟ್ಯಾಂಕಿನ ಮೇಲೆ ಹದ್ದಿನ ಜೋಡಿಯೊಂದು ಗೂಡು ಕಟ್ಟಿತ್ತು. ಬುತ್ತಿ ಬಿಚ್ಚಿ ಕುಳಿತಾಗಲೆಲ್ಲ ಅದನ್ನೇ ನೋಡುತ್ತಿದ್ದ. ಮೊಬೈಲಿನಲ್ಲಿ ಹಿಡಿಯಲು ಹೋದರೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಬರುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿಕೊಂಡಿರಲಿಲ್ಲ. ಮದುವೆ ಬೇಡ ಎಂದವನಿಗೆ ಹದ್ದು ಬೇಕಂತೆ ಎಂದು ಅಣ್ಣ ನಗುತ್ತಾನೆಂಬ ಭಯ.

ಅಂಗಡಿಯ ಗಾಜಿನ ಮೇಜಿನ ಹಿಂದೆ ನಿಂತಿದ್ದ ಮಾರಾಟದ ಹೆಂಗಸು, ಏನು ಫೋಟೋ ತೆಗೀತೀರಿ ಅಂತ ಕೇಳಿದಳು. ಅತ್ತಿಗೆ ಬಾಯಿ ತೆರೆಯುವ ಮೊದಲೇ ಪಂಡಿತ, ಎಲ್ಲಾ ಥರದ್ದೂ, ಅಂದ. ಆಕೆ ಒಂದೇ ಕ್ಯಾಮೆರಾವನ್ನು ಎರಡು ಬಗೆಯಲ್ಲಿ ತೋರಿಸಿದಳು. ಒಂದಕ್ಕೆ ಗಿಡ್ಡನೆಯ ಲೆನ್ಸು, ಮೂಗಿನ ತುದಿಯಲ್ಲಿರುವುದನ್ನೂ ಹಿಡಿಯುವಂಥದ್ದು, ಮ್ಯಾಕ್ರೋ ಎನ್ನುತ್ತಾರೆ. ಇನ್ನೊಂದಕ್ಕೆ ಮೊಳದುದ್ದದ ಜೂಮ್ ಲೆನ್ಸು. ಪಂಡಿತ ಆ ಉದ್ದದ್ದನ್ನು ಎತ್ತಿ ಬಾಗಿಲಾಚೆ ಹಿಡಿದ. ರಸ್ತೆಯಾಚೆಯ ಕಟ್ಟಡದ ತುದಿಯಲ್ಲಿ ಕೂತ ಪಾರಿವಾಳದ ಕಣ್ಣಿನ ಸುತ್ತಲಿನ ಕೆಂಪು ಗೆರೆ ಕಂಡಿತು. ಅಲ್ಲಿಗೆ ಅವನ ಕತೆ ಮುಗಿಯಿತು.

ಅತ್ತಿಗೆ ಆ ಕಡೆ ಕ್ಯಾಮೆರಾದ ಚೀಲಗಳನ್ನು ಎಳೆದೆಳೆದು ಹೊಲಿಗೆ ಗಟ್ಟಿಯಿದೆಯೇ ಎಂದು ನೋಡುತ್ತಿದ್ದಳು. ಪಂಡಿತ ದನಿ ತಗ್ಗಿಸಿ, ಹೊಲಿಗೆ ಕೆಲಸದ ಫೋಟೋಗೂ ಇದು ಆಗುತ್ತಲ್ವಾ ಅಂತ ಕೇಳಿದ. ಆಗಲ್ಲ, ಅಂದಳು ಮಾರಾಟದವಳು, ಸ್ಪಷ್ಟವಾಗಿ. ಇದು ಒಂದೂವರೆ ಮೀಟರಿಗಿಂತ ಹತ್ತಿರ ಇರೋದನ್ನ ಹಿಡಿಯೋದೇ ಇಲ್ಲ, ಅದಕ್ಕೆ ಆ ಗಿಡ್ಡದೇ ಬೇಕು.

ಅತ್ತಿಗೆ ತಿರುಗಿ, ಏನಂತೆ, ಎಂದಳು.

“ಏನಿಲ್ಲ ಅತ್ತಿಗೆ. ಇದೇ ತಗೊಳ್ಳೋಣ. ಇದರಲ್ಲಿ ದೂರದ್ದೂ ಬರುತ್ತೆ, ಹತ್ತಿರದ್ದೂ ಬರುತ್ತೆ.”

ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೋ ಎಂದು ನಗುತ್ತ ಅತ್ತಿಗೆ ಅದನ್ನು ಕೈಯಲ್ಲಿ ತೂಗಿದಳು. ಆಮೇಲೆ, ನೀನು ನೋಡಿದೀಯ ಅಂದ್ಮೇಲೆ ಮುಗೀತು ಬಿಡು, ಅಂದಳು. ಮಾರಾಟದವಳು ಒಮ್ಮೆ ಅವನ ಮುಖ ನೋಡಿ ಪೆಟ್ಟಿಗೆ ಕಟ್ಟತೊಡಗಿದಳು. ಪಂಡಿತ ತನಗೆ ತಾನೇ ಸಮಾಧಾನ ಹೇಳಿಕೊಂಡ: ಸ್ವಲ್ಪ ಹಿಂದೆ ನಿಂತು ಜೂಮ್ ಎಳೆದುಕೊಂಡರಾಯಿತು, ಅದರಲ್ಲೇನಿದೆ? ಅತ್ತಿಗೆಯ ಕೆಲಸದ ಕೋಣೆ ಅವನಿಗೆ ಗೊತ್ತಿಲ್ಲದ್ದಲ್ಲ. ಸಾಮಾನು ತುಂಬುವ ಕೋಣೆಯನ್ನು ಖಾಲಿ ಮಾಡಿ ಮೇಜು ಹಾಕಿಕೊಟ್ಟವನೇ ಅವನು. ಅಲ್ಲಿ ಕುರ್ಚಿ ಹಿಂದಕ್ಕೆ ಸರಿಸಿದರೆ ಬೀರುವಿಗೆ ಬಡಿಯುತ್ತದೆ. ಹಿಂದೆ ನಿಲ್ಲುವುದೆಲ್ಲಿ, ಗೋಡೆಯೊಳಗೆಯೇ? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಅವನು ಅದನ್ನು ಯೋಚಿಸಲು ಹೋಗಲಿಲ್ಲ.

ಮನೆಗೆ ಬಂದದ್ದೇ ಅತ್ತಿಗೆ ಕಿಟಕಿ ತೆರೆದು, ನುಸಿ ತಿಂದ ಶಾಲೊಂದನ್ನು ಮೇಜಿನ ಮೇಲೆ ಹರಡಿ, ಕ್ಯಾಮೆರಾ ಕಣ್ಣಿಗಿಟ್ಟಳು. ಲೆನ್ಸು ಹಿಂದೆ ಮುಂದೆ ತಡಕಾಡಿ ಸುಮ್ಮನಾಯಿತು. ಗುಂಡಿ ಒತ್ತಿದರೆ ಕ್ಲಿಕ್ ಎನ್ನಲೇ ಇಲ್ಲ. ಮತ್ತೆ ಒತ್ತಿದಳು, ಮತ್ತೆ ತಡಕಾಡಿತು. ಪಂಡಿತನನ್ನು ಕರೆದಳು. ಅವನು ಬಂದು, ಉಸಿರು ಬಿಗಿ ಹಿಡಿಯಿರಿ, ಮೊಣಕೈ ಎದೆಗೆ ಒತ್ತಿಕೊಳ್ಳಿ, ಬೆಳಕು ಇನ್ನೂ ಬೇಕು, ಪೆಟ್ಟಿಗೆಯಲ್ಲಿ ಬಂದ ಪುಸ್ತಕ ಓದಿಕೊಳ್ಳಿ ಎಂದು ಗಂಭೀರವಾಗಿ ಬೋಧನೆ ಮಾಡಿದ. ತಲೆನೋವಿಗೆ ಹೊಟ್ಟೆಗೆ ಔಷಧ ಹಚ್ಚಿದ ಹಾಗೆ. ಆ ಹೊತ್ತಿಗೇ ಹೇಳಿಬಿಡಬಹುದಿತ್ತು, ಬದಲಾಯಿಸಿಕೊಂಡು ಬರಬಹುದಿತ್ತು. ಒಂದೇ ಒಂದು ಭಾನುವಾರ ಕಳೆಯಲಿ, ಹದ್ದಿನದು ನಾಲ್ಕು ಫೋಟೋ ಆಗಲಿ, ಆಮೇಲೆ ಹೇಳೋಣ ಎಂದುಕೊಂಡ.

ಭಾನುವಾರ ಬಂತು. ಕೈ ಪಳಗಲಿ ಅಂತ ಸ್ವಲ್ಪ ಪ್ರಯೋಗ ಮಾಡಿ ನೋಡ್ತೀನಿ ಎಂದು ಹೇಳಿ ಕ್ಯಾಮೆರಾ ತೆಗೆದುಕೊಂಡು ತಾರಸಿ ಹತ್ತಿದ. ಅವತ್ತಿನ ಸಂತೋಷವನ್ನು ಸುಳ್ಳು ಎನ್ನಲಾಗದು. ಹದ್ದು ರೆಕ್ಕೆ ಮಡಿಸಿ ಗೂಡಿಗೆ ಇಳಿಯುವುದು, ಮರಿಯ ಬಾಯಿಗೆ ಕೊಕ್ಕಿನಿಂದ ತುತ್ತಿಡುವುದು, ಗಾಳಿಗೆ ಎದೆಯ ತುಪ್ಪಳ ಅರಳುವುದು, ಎಲ್ಲ ಸಿಕ್ಕಿತು. ಸಂಜೆ ಮನೆಯಲ್ಲಿ ಅವನ್ನು ತೋರಿಸಿದಾಗ ಅತ್ತಿಗೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಪಕ್ಕದ ಮನೆಯವರನ್ನು ಕರೆದು ತೋರಿಸಿದಳು, ಗಂಡನಿಗೆ ಕಳಿಸಿದಳು. ನಮ್ಮ ಪಂಡಿತ ತೆಗೆದಿದ್ದು ಎಂದು ಎಲ್ಲರಿಗೂ ಹೇಳಿದಳು. ಮಂದಿಯೆಲ್ಲ ಹೋದ ಮೇಲೆ ಕಾಫಿ ತಂದಿಟ್ಟು, ಮರಿಹದ್ದಿನ ಫೋಟೋವನ್ನು ಇನ್ನೊಮ್ಮೆ ನೋಡಿದಳು. ಅವಳ ಮುಖ ನಿಧಾನವಾಗಿ ಇಳಿಯಿತು.

“ಕ್ಯಾಮೆರಾದಲ್ಲಿ ಏನೂ ದೋಷ ಇಲ್ಲ ಹಾಗಾದ್ರೆ. ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ನಾನ್ಯಾಕೆ ಹಾಗನ್ಲಿ?”

ನೆಲ ನಿಜವಾಗಿಯೂ ಡೊಂಕಾಗಿತ್ತು. ಡೊಂಕು ಮಾಡಿದವನು ಅಲ್ಲೇ ಕೂತು ಅವಳು ಮಾಡಿಕೊಟ್ಟ ಕಾಫಿ ಕುಡಿಯುತ್ತಿದ್ದ. ಹೇಳಬೇಕೆಂದು ಬಾಯಿ ತೆರೆದ. ಆದರೆ ಈಗ ಹೇಳಿದರೆ ಈ ಹೊಗಳಿಕೆಯೆಲ್ಲ ಏನಾದೀತು? ನಾಳೆ ಹೇಳೋಣ ಎಂದುಕೊಂಡ. ನಾಳೆ ಎನ್ನುವವನ ಮನೆ ಹಾಳು ಎಂದು ಸುಮ್ಮನೆ ಹೇಳಿಲ್ಲ.

ಆಮೇಲೊಂದು ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಅತ್ತಿಗೆ ಕೆಲಸದ ಕೋಣೆಯಲ್ಲಿ ಕೈಕಟ್ಟಿ ಕೂತಿದ್ದಳು. ಬಾ ಇಲ್ಲಿ, ಒಂದು ಮಾತು ಕೇಳ್ಬೇಕು, ಅಂದಳು. ಇವನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ. ಆದರೆ ಅವಳು ಕೇಳಿದ್ದೇ ಬೇರೆ. ಕಿಟಕಿಯಿಂದ ಆಚೆಯ ಗೇಟಿನ ಕಡೆ ಹಿಡಿದರೆ ಬೀಗದ ತೂತು ಕೂಡ ಕಾಣುತ್ತದೆ, ಕ್ಲಿಕ್ ಅನ್ನುತ್ತದೆ. ಮೇಜಿನ ಕಡೆ ಹಿಡಿದರೆ ಬರೀ ಮಂಜು. ದೂರದ್ದು ಕಾಣೋದು, ಹತ್ತಿರದ್ದು ಕಾಣದೇ ಇರೋದು, ಇದಕ್ಕೆ ಏನಂತಾರೆ ಹೇಳು?

ಪಂಡಿತ ಕಿಟಕಿಯಾಚೆಯ ಗೇಟನ್ನು ನೋಡಿದ.

“ಚಾಳೀಸು,” ಅಂದಳು ಅತ್ತಿಗೆ. “ಕ್ಯಾಮೆರಾ ಸರಿಯಿದೆ ಅಂತ ನಿನ್ನ ಹದ್ದೇ ಹೇಳ್ತು, ನನ್ನ ಕಣ್ಣೇ ಹೋಗ್ತಾ ಇದೆ ಕಣೋ.”

ಅವಳಿಗೆ ರಫೂ ಕಲಿಸಿದ್ದು ಚಿಕ್ಕಮ್ಮ. ಆ ಚಿಕ್ಕಮ್ಮನಿಗೂ ಹೀಗೇ ಶುರುವಾಗಿತ್ತಂತೆ. ಮೊದಲು ಸೂಜಿಯ ಕಣ್ಣು ಮಸುಕಾಯಿತು, ಕನ್ನಡಕ ಬಂತು, ಕನ್ನಡಕದ ಮೇಲೆ ಕನ್ನಡಕ ಬಂತು, ಕೊನೆಗೆ ಊರಿಗೆಲ್ಲ ಹೆಸರಾದ ಆ ಹೆಂಗಸು ಅಂಗಿಗಳಿಗೆ ಗುಂಡಿ ಹಚ್ಚಿಕೊಂಡು ಕೂತಳು. ಅದನ್ನು ಹೇಳುತ್ತ ಹೇಳುತ್ತ ಅತ್ತಿಗೆಗೆ ಅಳು ಬಂತು. ಅವಳು ಅಳುವುದನ್ನು ಪಂಡಿತ ಅಷ್ಟು ವರ್ಷದಲ್ಲಿ ನೋಡಿದವನಲ್ಲ. ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತ. ಸೂಜಿ ಕಾಣ್ತಾ ಇದೆಯಲ್ಲ ಅತ್ತಿಗೆ, ಅಂದ. ಅದು ಅಭ್ಯಾಸಬಲ, ಬೆರಳೇ ನೋಡಿಕೊಂಡು ಹೋಗುತ್ತೆ, ಅಂದಳು. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬನ್ನಿ, ಅಂದ. ಆ ಸಲಹೆಯಲ್ಲೂ ಅವನದೊಂದು ಲೆಕ್ಕಾಚಾರವಿತ್ತು: ಡಾಕ್ಟರು ಕಣ್ಣು ಚೆನ್ನಾಗಿದೆ ಎಂದುಬಿಟ್ಟರೆ ತಾನು ಏನೂ ಹೇಳದೆ ಪಾರಾಗಬಹುದು. ಗೊತ್ತಿರೋದನ್ನ ಕೇಳಿಸಿಕೊಳ್ಳೋಕೆ ಯಾಕೆ ಹೋಗಲಿ, ಮನುಷ್ಯರು ಸಮಾಧಾನಕ್ಕೆ ಸುಳ್ಳು ಹೇಳ್ತಾರೆ, ಯಂತ್ರ ಯಾಕೆ ಹೇಳುತ್ತೆ ಎಂದು ಅತ್ತಿಗೆ ಕಣ್ಣೊರೆಸಿಕೊಂಡಳು.

ಅಲ್ಲಿಂದಾಚೆ ಮನೆಯ ಹದವೇ ಕೆಟ್ಟಿತು. ಅತ್ತಿಗೆ ತಾನು ಮಾಡಿದ ಕೆಲಸವನ್ನು ತಾನೇ ಬಿಚ್ಚತೊಡಗಿದಳು. ಗಿರಾಕಿಯೊಬ್ಬ ಕೋಟನ್ನು ಹಿಂದೆ ಮುಂದೆ ತಿರುಗಿಸಿ, ಸೋತೆ ತಾಯೀ, ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ, ಎಂದು ಕೈಮುಗಿದ. ಆದರೂ ಇವಳಿಗೆ ನಂಬಿಕೆಯಿಲ್ಲ, ಇನ್ನೆರಡು ದಿನ ಬಿಟ್ಟು ಬನ್ನಿ ಅಂತ ಇಟ್ಟುಕೊಂಡಳು. ಕಣ್ಣಿನ ಹತ್ತಿರ ಬಟ್ಟೆ ಹಿಡಿದು ಹಿಡಿದು ನೋಡುತ್ತಿದ್ದಳು. ಅನುಮಾನ ಹೊಕ್ಕ ಮೇಲೆ ಎಳೆಗಳೂ ತಪ್ಪತೊಡಗಿದವು. ನಾಜೂಕಿನ ಕೆಲಸ ಬಂದರೆ, ಬೇರೆ ಕಡೆ ಕೊಡಿ, ಎಂದು ವಾಪಸು ಕಳಿಸುವುದಕ್ಕೆ ಶುರು ಮಾಡಿದಳು. ಕ್ಯಾಮೆರಾವನ್ನು ಪೆಟ್ಟಿಗೆ ಸಮೇತ ಪಂಡಿತನ ಕೋಣೆಗೆ ತಂದಿಟ್ಟು, ನಿನಗಾದ್ರೂ ಉಪಯೋಗ ಆಗ್ಲಿ, ನಿನ್ನ ಕೈಗೆ ಹೊಂದಿಕೊಂಡಿದೆ, ಅಂದಳು.

ಬೇಕಾದದ್ದೇ ಸಿಕ್ಕಿತಲ್ಲ! ಹದ್ದಿನ ಮರಿ ಹಾರಲು ಕಲಿಯುವ ದಿನಗಳವು. ಪಂಡಿತ ತಾರಸಿಗೆ ಕ್ಯಾಮೆರಾ ಒಯ್ಯಲಿಲ್ಲ. ಬುತ್ತಿ ಬಿಚ್ಚಿದರೆ ಗೂಡಿಗೆ ಬೆನ್ನು ಹಾಕಿ ಕೂರುತ್ತಿದ್ದ. ಅಣ್ಣ ಫೋನು ಮಾಡಿ, ನಿಮ್ಮತ್ತಿಗೆ ಕಣ್ಣಿಗೆ ಏನಾಯ್ತೋ ಅಂದರೆ, ನೀನೇನು ಮಾಡಿದೆಯೋ ಎಂದು ಕೇಳಿದಂತೆ ಕೇಳಿಸುತ್ತಿತ್ತು. ಹೇಳಿಬಿಡಲು ಎಷ್ಟೋ ಸಲ ಆ ಕೋಣೆಯವರೆಗೆ ಹೋದ. ಅವಳು ತಲೆಯೆತ್ತಿ, ಏನೋ ಹಸಿವಾ, ಅಂದ ಕೂಡಲೇ, ಹೂಂ ಅಂದುಬಿಡುತ್ತಿದ್ದ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವನ ಮೇಲೆ ನಿಮಗೆ ಕನಿಕರ ಬರುವುದಾದರೆ ಬರಲಿ, ಇದನ್ನು ಹೇಳುತ್ತಿರುವವರಿಗಂತೂ ಇಲ್ಲ. ಬಾಯಿ ಸುಟ್ಟದ್ದು ಅವನದಾದರೂ ಉರಿ ಇನ್ನೊಬ್ಬರದಾಗಿತ್ತು.

ಕೊನೆಗೆ ಒಂದು ದಿನ ಕೆಲಸ ಬೇಗ ಮುಗಿದು ಮನೆಗೆ ಬಂದಾಗ ಅತ್ತಿಗೆ ಫೋನಿನಲ್ಲಿ ಮಾತಾಡುತ್ತಿದ್ದಳು. ಚಪ್ಪಲಿ ಬಿಚ್ಚುತ್ತಿದ್ದವನು ಹಾಗೇ ನಿಂತ. ಫೋಟೋ ಕೊಡೋಕೆ ಆಗಲ್ಲ ಮೇಡಂ, ನನ್ನ ಕಣ್ಣು ಕೈಕೊಟ್ಟಿದೆ, ನಿಮ್ಮ ಬಟ್ಟೆಗಳು ನನ್ನಿಂದ ಕೆಡಬಾರದು, ಇನ್ನೊಬ್ಬಾಕೆ ಇದ್ದಾಳೆ, ಚೆನ್ನಾಗಿ ಮಾಡ್ತಾಳೆ, ಅವಳ ನಂಬರ್ ಕೊಡ್ತೀನಿ. ದನಿಯಲ್ಲಿ ಅಳುವಿರಲಿಲ್ಲ. ನಂಬರನ್ನು ಒಂದೊಂದಾಗಿ ಬಿಡಿಸಿ ಹೇಳಿ, ನಮಸ್ಕಾರ ಎಂದು ಫೋನಿಟ್ಟಳು. ಆಮೇಲೆ ತೊಡೆಯ ಮೇಲಿದ್ದ ಯಾರದೋ ಅಂಗಿಗೆ ಗುಂಡಿ ಹಚ್ಚತೊಡಗಿದಳು.

ಗುಂಡಿ. ಪಂಡಿತನಿಗೆ ಅದನ್ನು ನೋಡಲಾಗಲಿಲ್ಲ. ತನ್ನ ಕೋಣೆಗೆ ಹೋಗಿ ಕ್ಯಾಮೆರಾ ತಂದು, ಅವಳ ಮೇಜಿನ ಮೇಲಿನ ಬಟ್ಟೆಗೆ ಹಿಡಿದು, ಗುಂಡಿ ಒತ್ತಿದ. ಲೆನ್ಸು ತಡಕಾಡಿ ಸುಮ್ಮನಾಯಿತು. ಮತ್ತೆ ಒತ್ತಿದ. ಅತ್ತಿಗೆ ಸೂಜಿ ನಿಲ್ಲಿಸಿ ನೋಡುತ್ತಿದ್ದಳು.

“ನನಗೂ ಬರಲ್ಲ ಅತ್ತಿಗೆ. ಯಾರಿಗೂ ಬರಲ್ಲ. ಈ ಲೆನ್ಸು ಹತ್ತಿರದ್ದನ್ನ ಹಿಡಿಯೋದೇ ಇಲ್ಲ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ.”

ಅವಳು ಅರ್ಥವಾಗದೆ ಅವನನ್ನೂ ಕ್ಯಾಮೆರಾವನ್ನೂ ನೋಡಿದಳು. ತಾನೂ ಒಮ್ಮೆ ಇಸಿದುಕೊಂಡು ಒತ್ತಿದಳು. ಆಮೇಲೆ ಅಂಗಿಯನ್ನು ಪಕ್ಕಕ್ಕೆ ಹಾಕಿ, ಡಬ್ಬಿಯಿಂದ ಎಲ್ಲಕ್ಕಿಂತ ಸಣ್ಣ ಸೂಜಿ ತೆಗೆದು, ಕೂದಲಿನಂಥ ರೇಷ್ಮೆ ಎಳೆಯನ್ನು ಹಿಡಿದಳು. ಎಳೆ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು. ಹೊರಗೆಳೆದು ಮತ್ತೆ ಏರಿಸಿದಳು. ಅತ್ತಿಗೆ ನಗತೊಡಗಿದಳು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು, ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ನಕ್ಕಳು. ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ ಪಂಡಿತ ಇಂಗು ತಿಂದ ಮಂಗನಂತೆ ನಿಂತಿದ್ದ.

“ಪಾಪ, ಎಷ್ಟು ತಲೆ ಕೆಡಿಸ್ಕೊಂಡು ಕಂಡುಹಿಡಿದೆಯೋ ಏನೋ,” ಅಂದಳು. “ನೀನೊಬ್ಬ ಇಲ್ದೇ ಹೋಗಿದ್ರೆ ನಾನು ಹೀಗೇ ಗುಂಡಿ ಹಚ್ಕೊಂಡು ಜೀವನ ಮುಗಿಸ್ತಿದ್ದೆ.”

ಅಲ್ಲಿಗೇ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಳ್ಳನ ಕೊರಳಿಗೇ ಹಾರ ಬಿದ್ದಿತ್ತು. ಅವನು ಮಾಡಬೇಕಾಗಿದ್ದದ್ದು ತಲೆ ಬಗ್ಗಿಸುವುದು, ಅಷ್ಟೇ. ಬಗ್ಗಿಸಲೂ ಹೊರಟಿದ್ದ, ಸುಳ್ಳೇಕೆ. ಆದರೆ ಅವಳು ಎದ್ದು ಬಂದು, ಚಿಕ್ಕ ಹುಡುಗನಿಗೆ ಮಾಡುವ ಹಾಗೆ ಅವನ ಕೆನ್ನೆ ತಟ್ಟಿದಳು. ಅದನ್ನು ತಡೆಯಲು ಅವನಿಂದಾಗಲಿಲ್ಲ.

“ಕಂಡುಹಿಡೀಲಿಲ್ಲ ಅತ್ತಿಗೆ. ಅಂಗಡಿಯಲ್ಲೇ ಅವಳು ಹೇಳಿದ್ಲು. ನಿಮಗೆ ಆ ಗಿಡ್ಡದೇ ಬೇಕು ಅಂತ ಹೇಳಿದ್ಲು. ನನಗೆ ಹದ್ದಿನ ಫೋಟೋ ಬೇಕಾಗಿತ್ತು.”

ಅತ್ತಿಗೆಯ ಕೈ ಅವನ ಕೆನ್ನೆಯ ಮೇಲೆ ಹಾಗೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ತೆಗೆದಳು. ಹೋಗಿ ಕುರ್ಚಿಯಲ್ಲಿ ಕೂತಳು. ರಸ್ತೆಯಲ್ಲಿ ಯಾರೋ ಗಾಡಿ ಶುರುಮಾಡಲು ಒದೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ.

“ಅವತ್ತು ನಾನು ಇಲ್ಲಿ ಕೂತ್ಕೊಂಡು ಅತ್ತೆ,” ಅಂದಳು. “ನೀನು ಪಕ್ಕದಲ್ಲೇ ಕೂತಿದ್ದೆ.”

“ಹೂಂ.”

“ನೀರು ತಂದುಕೊಟ್ಟೆ.”

“ಹೂಂ ಅತ್ತಿಗೆ.”

ಕಿಟಕಿಯ ಬಿಸಿಲು ಮೇಜಿನಿಂದ ಇಳಿದ ಮೇಲೆ ಅವಳು ಫೋನನ್ನು ಅವನ ಕಡೆ ತಳ್ಳಿದಳು. ಮೇಡಂಗೆ ನೀನೇ ಮಾಡು, ಏನಾಯ್ತು ಅಂತ ಪೂರ್ತಿ ಹೇಳು ಎಂದಳು. ಪಂಡಿತ ಫೋನು ಮಾಡಿ ತಾನು ಯಾರೆಂದು ಹೇಳಿದ. ಅಂಗಡಿಯಿಂದ ಶುರುಮಾಡಿ ಒಂದೊಂದಾಗಿ ಹೇಳಿದ, ತಡವರಿಸಿದಾಗ ಅತ್ತಿಗೆ ಸಹಾಯಕ್ಕೆ ಬರಲಿಲ್ಲ. ಆ ಕಡೆಯವರು ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಯಲ್ಲಿ ಅವರಾಡಿದ್ದು ಎರಡೇ ಮಾತು. ಫೋನು ಇಟ್ಟ ಮೇಲೂ ಅವನಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

“ಏನಂದ್ರು?”

“ನೀವು ಕೊಟ್ಟ ನಂಬರಿಗೆ ಆಗಲೇ ಮಾತಾಡಿಬಿಟ್ರಂತೆ. ಆಕೆ ಒಪ್ಕೊಂಡು, ಸಮಿತಿಗೂ ಆಕೆ ಹೆಸರೇ ಹೋಗಿದೆಯಂತೆ. ಈಗ ಬೇಡ ಅನ್ನೋಕಾಗಲ್ಲ ಅಂದ್ರು.”

ಅತ್ತಿಗೆ ತಲೆಯಾಡಿಸಿದಳು. ಆಕೆಗೆ ಮೂರು ಮಕ್ಕಳು, ಒಳ್ಳೇದೇ ಆಯ್ತು, ಅಂದಳು. ಬೈಯಲಿಲ್ಲ. ಬಿಚ್ಚಿಟ್ಟಿದ್ದ ಆ ಗಿರಾಕಿಯ ಕೋಟನ್ನು ಎಳೆದುಕೊಂಡು, ತೂತಿನ ಸುತ್ತ ಬೆರಳಾಡಿಸಿ, ಮೊದಲ ಎಳೆ ಹಾಕಿದಳು. ಎಳೆ ತಪ್ಪಲಿಲ್ಲ. ಪಂಡಿತ ಕ್ಯಾಮೆರಾ ಹಿಡಿದುಕೊಂಡು ಇನ್ನೂ ಅಲ್ಲೇ ನಿಂತಿದ್ದ, ಏನಾದರೂ ಹೇಳಿಯಾಳು ಎಂದು.

“ಬಾಗಿಲು ಎಳ್ಕೊಂಡು ಹೋಗು,” ಅಂದಳು, ಬಟ್ಟೆಯಿಂದ ಕಣ್ಣು ತೆಗೆಯದೆ.

ಆ ಬಾಗಿಲನ್ನು ಮನೆಯಲ್ಲಿ ಯಾರೂ ಮುಚ್ಚಿದ್ದೇ ಇಲ್ಲ. ಅದು ತೆರೆದೇ ಇರಲೆಂದು ಒತ್ತಿಟ್ಟಿದ್ದ ಇಟ್ಟಿಗೆಯನ್ನು ಪಂಡಿತ ಕಾಲಿನಿಂದ ಸರಿಸಿ, ಹೊರಗೆ ಬಂದು, ಎರಡು ಸಲ ಎಳೆದ ಮೇಲೆ ಅದು ಮುಚ್ಚಿಕೊಂಡಿತು.